ವರ್ಷಕ್ಕೆ ಒಂದೇ ಪೆಟ್ಟು

ನರ್ಸರಿಯಲ್ಲಿ ಎಲ್ಲರೂ ಅವಳನ್ನು ನಿಧಾನಕ್ಕ ಎನ್ನುತ್ತಿದ್ದರು. ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳುವುದು. ಬೇರೆಯವರು ಇನ್ನೂರು ಕುಂಡಗಳಿಗೆ ಮಣ್ಣು ತುಂಬಿ ಕೈ ತೊಳೆದುಕೊಳ್ಳುವ ಹೊತ್ತಿಗೆ ಇವಳು ಹಿಂದಿನ ಷೆಡ್ಡಿನಲ್ಲಿ ಮೋಟು ಸ್ಟೂಲಿನ ಮೇಲೆ ಕೂತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೇ ಗಿಡದ ಬುಡ ಉಜ್ಜುತ್ತಿರುತ್ತಿದ್ದಳು. ಬೆಳಿಗ್ಗೆ ನೋಡಿದರೂ ಅದೇ, ಸಂಜೆ ನೋಡಿದರೂ ಅದೇ. ನೀರು ಹಾಯಿಸುವವನು ಪೈಪು ಎಳೆದುಕೊಂಡು ಹೋಗುವಾಗ, "ಅಕ್ಕಾ, ಉಸಿರಾಡ್ತಿದ್ದೀಯಾ? ನಿಂಗೂ ಒಂಚೂರು ನೀರು ಹಾಕ್ಲಾ?" ಎಂದು ಕೇಳುತ್ತಿದ್ದ. "ನನ್ನ ಬೇರು ಕೊಳೆತು ಬಹಳ ದಿನ ಆಯ್ತು, ನೀನು ಮುಂದೆ ಹೋಗು" ಎನ್ನುತ್ತಿದ್ದಳು. ಐವತ್ತೆಂಟು ವಯಸ್ಸು. ಸ್ಟೂಲಿನಿಂದ ಏಳಬೇಕಾದರೆ ಮೊದಲು ಮೇಜು ಹಿಡಿದು, ಆಮೇಲೆ ಸೊಂಟ ಹಿಡಿದು, ಕೊನೆಗೆ ದೇವರನ್ನು ನೆನೆದು ಏಳುತ್ತಿದ್ದಳು.

ಅವಳ ಕೆಲಸ ಮುಗೊ ಪೈನ್ ಗಿಡಗಳನ್ನು ಬೋನ್ಸಾಯ್ ಮಾಡುವುದು. ಮುಗೊ ಎಂದರೆ ಚಳಿ ಬೆಟ್ಟದ ಗಿಡ, ಕುಳ್ಳು ಜಾತಿ, ಸೂಜಿಯಂಥ ಎಲೆ, ಹಟ ಜಾಸ್ತಿ. ಗೇಟಿನ ಅಕ್ಕಪಕ್ಕ ನೆಡುವುದಕ್ಕೆಂದು ಜನ ಒಯ್ಯುತ್ತಾರೆ. ನಾಲ್ಕು ವರ್ಷವಾದರೂ ಯಾರೂ ಒಯ್ಯದೆ, ಕಪ್ಪು ಪ್ಲಾಸ್ಟಿಕ್ ಕುಂಡದೊಳಗೆ ಬೇರು ಸುತ್ತಿ ಸುತ್ತಿ ಹಗ್ಗದ ಸುರುಳಿಯಾದವುಗಳನ್ನು ಕಾಂಪೌಂಡಿನ ಮೂಲೆಗೆ ದೂಡುತ್ತಾರೆ. ಆ ಮೂಲೆಯಿಂದಲೇ ಮೇಷ್ಟ್ರು ಗಿಡ ಆರಿಸುತ್ತಿದ್ದದ್ದು. ಶಾಲೆಯ ಮೇಷ್ಟ್ರಲ್ಲ, ಅವಳಿಗಿಂತ ಮೊದಲು ಆ ಷೆಡ್ಡಿನಲ್ಲಿದ್ದ ಮುದುಕ, ಅವಳಿಗೆ ಕೆಲಸ ಕಲಿಸಿದವರು, ಈಗ ಇಲ್ಲ. ಮಣ್ಣೊಳಗೆ ಬೆರಳು ತೂರಿಸಿ, ಕಣ್ಣು ಮುಚ್ಚಿ ಬುಡ ತಡವಿ, ಅಗಲಕ್ಕೆ ಹರಡಿದ ಬೇರು ಸಿಕ್ಕರೆ, "ಇದಕ್ಕೆ ಕಾಲಿದೆ, ಎತ್ಕೋ" ಎನ್ನುತ್ತಿದ್ದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಯಾರಾದರೂ ಅಂದರೆ ಅವರಿಗೆ ನಗು ಬರುತ್ತಿತ್ತು. "ಆ ಗಾದೆ ಕಟ್ಟಿದವನ ಹತ್ರ ತಾಮ್ರದ ತಂತಿ ಇರ್ಲಿಲ್ಲ ಬಿಡು. ತಂತಿ ಇದ್ದು ತಾಳ್ಮೆ ಇದ್ರೆ ಎಂಥದ್ದೂ ಬಗ್ಗುತ್ತೆ."

ಅವರು ಹೇಳಿಕೊಟ್ಟದ್ದಕ್ಕೆ ಲೆಕ್ಕವಿಲ್ಲ, ಆದರೆ ಎಲ್ಲಕ್ಕೂ ತಲೆಯಾದ ಮಾತು ಒಂದು: ವರ್ಷಕ್ಕೆ ಒಂದೇ ಪೆಟ್ಟು. ಬೇರು ಕತ್ತರಿಸಿದ ವರ್ಷ ಕೊಂಬೆಗೆ ಕತ್ತರಿ ತೋರಿಸಬಾರದು. ಬೇರಿನ ಹಳೆಯ ಮಣ್ಣನ್ನೂ ಒಂದೇ ಸಲ ಬಿಡಿಸಬಾರದು. ಈಗ ಅರ್ಧ, ಎರಡು ವರ್ಷ ಕಳೆದು ಇನ್ನರ್ಧ. ಬೇರಿಗೆ ಬಿಳಿ ಬೂಷ್ಟು ಹತ್ತಿದ್ದರೆ ರೋಗವೆಂದು ತೊಳೆಯಬಾರದು, ಗಿಡಕ್ಕೆ ಉಣಿಸುವುದೇ ಅದು. ಇನ್ನೊಂದು ಮಾತನ್ನು ಅವರು ಯಾವಾಗಲೂ ನಗುತ್ತಲೇ ಹೇಳುತ್ತಿದ್ದರು: "ಪೈನ್ ಸತ್ರೆ ತಕ್ಷಣ ಗೊತ್ತಾಗಲ್ಲ. ಸತ್ತು ತಿಂಗಳುಗಟ್ಲೆ ಹಸಿರಾಗೇ ನಿಂತಿರುತ್ತೆ. ಮರ್ಯಾದಸ್ಥರ ಮನೆ ಇದ್ದ ಹಾಗೆ."

ಕೆಲಸ ಮುಗಿಸಿ ಅವಳು ಹೋಗುತ್ತಿದ್ದದ್ದು ಮೂರನೆಯ ಮಹಡಿಯ ಎರಡು ಕೋಣೆಗಳಿಗೆ. ಅಲ್ಲಿ ತಂಗಿ ಇರುತ್ತಿದ್ದಳು. ತಂಗಿಗೆ ಐವತ್ತೊಂದು, ಆದರೂ ಅಕ್ಕನಿಗೆ ಅವಳು ಪುಟ್ಟಿಯೇ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಹೊದಿಕೆ, ದಿಂಬಿನ ಚೀಲ, ಡಾಕ್ಟರ ಗೌನು ಹೊಲಿಯುವ ಕೆಲಸ ಅವಳದು. ಅಕ್ಕನಿಗೆ ಮದುವೆಯಾಗಲು ಪುರುಸೊತ್ತಾಗಲಿಲ್ಲ, ತಂಗಿಯನ್ನು ಸರಿಯಾದವರು ಯಾರೂ ಕೇಳಲಿಲ್ಲ, ಇದು ನೆಂಟರಿಷ್ಟರಿಗೆ ಕೊಡುತ್ತಿದ್ದ ಉತ್ತರ. ಒಬ್ಬರಿಗೊಬ್ಬರು ಸಾಕಾಗಿತ್ತು ಎಂಬುದೇ ನಿಜ. ಅಥವಾ ಹಾಗೆಂದು ಅಕ್ಕ ತಿಳಿದುಕೊಂಡಿದ್ದಳು.

ಇಪ್ಪತ್ತೇಳು ವರ್ಷ ಪ್ರತಿ ಸಂಜೆಯೂ ಒಂದೇ ತೆರ. ನಿಧಾನಕ್ಕ ಮೆಟ್ಟಿಲು ಹತ್ತಿ ಬಂದು, ಬಾಗಿಲ ಪಕ್ಕದ ಕುರ್ಚಿಯಲ್ಲಿ ದೊಪ್ಪನೆ ಕೂತು, ಅವತ್ತಿನ ದೂರುಗಳನ್ನೆಲ್ಲ ಬಿಚ್ಚುವಳು. ನೀರಿನವನು ಪೈಪು ದಾರಿಯಲ್ಲೇ ಬಿಟ್ಟ, ಯಜಮಾನ ಗೊಬ್ಬರ ಕಡಿಮೆ ತರಿಸಿದ, ಹೆಬ್ಬೆರಳ ಬುಡದಲ್ಲಿ ಮತ್ತೆ ನೋವು. ಪುಟ್ಟಿ ಸೂಜಿಗೆ ದಾರ ಪೋಣಿಸುತ್ತಾ "ಹೂಂ... ಹೂಂ" ಎನ್ನುವಳು. ಪರಿಹಾರ ಯಾವತ್ತೂ ಹೇಳುತ್ತಿರಲಿಲ್ಲ. ಆ ಹೂಂಗುಟ್ಟುವಿಕೆಯಲ್ಲೇ ಅಕ್ಕನ ಸೊಂಟ ಅರ್ಧ ಸಡಿಲವಾಗುತ್ತಿತ್ತು.

ಬಾಲ್ಕನಿಯಲ್ಲಿ ಒಂದು ಮುಗೊ ಇತ್ತು. ಒಂಬತ್ತು ವರ್ಷದ ಹಿಂದೆ ಕಾಂಪೌಂಡಿನ ಮೂಲೆಯಿಂದ ನಿಧಾನಕ್ಕ ತಂದದ್ದು. ಪುಟ್ಟಿ ಅದಕ್ಕೆ ಕುಳ್ಳಪ್ಪ ಎಂದು ಹೆಸರಿಟ್ಟಿದ್ದಳು. ಬೇರಿಗೆ ಗಾಳಿ ಆಡಲಿ ಎಂದು ಅಕ್ಕ ಅದನ್ನು ತರಕಾರಿ ತೊಳೆಯುವ ತೂತಿನ ಬುಟ್ಟಿಯಲ್ಲಿ ನೆಟ್ಟಾಗ, "ಮನೇಲಿದ್ದ ಒಂದೇ ಬುಟ್ಟೀನೂ ಹೋಯ್ತು" ಎಂದು ಪುಟ್ಟಿ ಒಂದು ವಾರ ಗೊಣಗಿದಳು. ಎಂಟನೆಯ ದಿನದಿಂದ ನೀರು ಹಾಕುವ ಪಾಳಿ ಅವಳೇ ವಹಿಸಿಕೊಂಡಳು. ಅಕ್ಕ ಹೇಳಿದ್ದೆಲ್ಲ ಅವಳ ಕಿವಿಗೆ ಬಿದ್ದು ಬಿದ್ದು, ಷೆಡ್ಡಿನ ಹೊಸಲು ತುಳಿಯದೆಯೇ ಅರ್ಧ ಕೆಲಸ ಕಲಿತಿದ್ದಳು. "ಇವನಿಗೆ ಒಳ್ಳೆ ತಟ್ಟೆ ಕುಂಡ ಯಾವಾಗ?" ಎಂದು ಒಂಬತ್ತನೆಯ ವರ್ಷದ ಚಳಿಗಾಲದಲ್ಲಿ ಕೇಳಿದ್ದಳು. "ಇನ್ನೂ ಮೂರು ವರ್ಷ. ಮೊದಲು ಒಂದು ಕಡೆ ಬೇರು, ಆಮೇಲೆ ಇನ್ನೊಂದು ಕಡೆ, ಆಮೇಲೆ ಕೊಂಬೆ." "ಅಷ್ಟರಲ್ಲಿ ನಾವೇ ಒಣಗಿರ್ತೀವಿ" ಎಂದು ಪುಟ್ಟಿ ನಕ್ಕಿದ್ದಳು.

ಚಳಿ ಕಳೆದು, ಕೊಂಬೆ ತುದಿಗಳಲ್ಲಿ ಬತ್ತಿಯಂಥ ಎಳೆ ಕುಡಿ ಏಳುವ ಹೊತ್ತಿಗೆ ಪುಟ್ಟಿ ಸುದ್ದಿ ಹೇಳಿದಳು. ಸೂಜಿಯ ಕಣ್ಣು ಕಾಣಿಸದೆ ಕನ್ನಡಕ ಮಾಡಿಸಲು ಹೋಗಿದ್ದಳಲ್ಲ, ಆ ಅಂಗಡಿಯವರು. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವರು. ಹೆಂಡತಿ ತೀರಿ ಆರು ವರ್ಷ. ಮಕ್ಕಳಿಲ್ಲ. ಬೇಸಿಗೆಯ ಕೊನೆಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಗೆ ಸಹಿ ಹಾಕೋಣ ಅಂದಿದ್ದಾರೆ.

ನಿಧಾನಕ್ಕ ಜೀವಮಾನದಲ್ಲಿ ಆತುರ ಪಟ್ಟದ್ದು ಎರಡೇ ಸಲ. ಅದರಲ್ಲಿ ಮೊದಲನೆಯದು ಅವತ್ತು. ಯೋಚನೆಯೇ ಇಲ್ಲದೆ ಬಾಯಿ ತೆರೆದಳು. "ಈ ವಯಸ್ಸಲ್ಲಿ ನಿಂಗಿದೊಂದು ಬೇಕಿತ್ತಾ? ನಿನ್ನಂಥವಳನ್ನ ನಾನಾಗಿದ್ದಕ್ಕೆ ಇಷ್ಟು ವರ್ಷ ಇಟ್ಕೊಂಡೆ. ಬೇರೆ ಯಾರಾದ್ರೂ ಆಗಿದ್ರೆ ಗೊತ್ತಾಗ್ತಿತ್ತು."

ಪುಟ್ಟಿ ಹೊಲಿಗೆ ಮಡಿಸಿಟ್ಟು ಒಳಗೆ ಹೋದಳು. ಜಗಳವಾಡಿದ್ದರೆ ಚೆನ್ನಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಒಡೆದದ್ದು ಮುತ್ತಾಗಿದ್ದರೆ ಚೂರಾದರೂ ಆರಿಸಬಹುದಿತ್ತು. ಮರುದಿನದಿಂದ ಮನೆಯಲ್ಲಿ ಮಾತು ನಡೆಯಿತು, ಆದರೆ ಉಪ್ಪು ಎಲ್ಲಿದೆ, ಬೀಗದ ಕೈ ಎಲ್ಲಿದೆ, ಅಷ್ಟೇ. ಸಂಜೆ ಅಕ್ಕ ದೂರು ಹೇಳಲಿಲ್ಲ, ತಂಗಿ ಹೂಂಗುಟ್ಟಲಿಲ್ಲ.

ಇಟ್ಕೊಂಡೆ ಎಂದಳಲ್ಲ, ಆ ಒಂದು ಪದ ಹಗಲೂ ರಾತ್ರಿ ನಿಧಾನಕ್ಕನ ಕಿವಿಯಲ್ಲೇ ಇತ್ತು. ಯಾರು ಯಾರನ್ನು ಇಟ್ಟುಕೊಂಡಿದ್ದರು? ತಾನು ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಾಗ ಎರಡು ತಿಂಗಳು ಬೆನ್ನು ತಿಕ್ಕಿದವಳು ಯಾರು? ತಪ್ಪಾಯಿತು ಎಂದುಬಿಟ್ಟರೆ ಮುಗಿಯುತ್ತಿತ್ತು. ಒಂದೇ ಶಬ್ದ. ಆದರೆ ಮೂವತ್ತು ವರ್ಷ ಗಿಡಗಳ ಜೊತೆ ಮಾತಾಡಿದವಳಿಗೆ ಮನುಷ್ಯರ ಮುಂದೆ ಆ ಒಂದು ಶಬ್ದ ಹೊರಡಲಿಲ್ಲ. ಬದಲಿಗೆ ಒಂದು ಉಪಾಯ ಹೊಳೆಯಿತು: ಕುಳ್ಳಪ್ಪನನ್ನು ತಟ್ಟೆ ಕುಂಡದಲ್ಲಿ ಕೂರಿಸಿ, ಪೂರ್ತಿ ಸಿಂಗರಿಸಿ, ಮದುವೆಯ ದಿನ ಅವಳ ಕೈಗಿಡುವುದು. ಬಾಯಿಂದ ಬಾರದ್ದನ್ನು ಗಿಡವೇ ಹೇಳಲಿ.

ಮದುವೆಗೆ ಆರು ವಾರ ಇತ್ತು. ಕೆಲಸ ಮೂರು ವರ್ಷದ್ದು.

ಬಿಸಿಲುಗಾಲದ ಒಂದು ಭಾನುವಾರ ಮಧ್ಯಾಹ್ನ, ಪುಟ್ಟಿ ಹೊಸ ಮನೆಗೆ ಪರದೆ ಬಟ್ಟೆ ನೋಡಲು ಹೋಗಿದ್ದಾಗ, ನಿಧಾನಕ್ಕ ಅಡುಗೆಮನೆಯ ನೆಲಕ್ಕೆ ಹಳೆಯ ಹೊದಿಕೆ ಹಾಸಿ, ಬುಟ್ಟಿಯಿಂದ ಗಿಡ ಕಿತ್ತಳು. ಮೇಷ್ಟ್ರು ಬಿಟ್ಟು ಹೋಗಿದ್ದ ನೀಲಿ ತಟ್ಟೆ ಕುಂಡವನ್ನು ಪಕ್ಕದಲ್ಲಿಟ್ಟುಕೊಂಡಳು. ಒಂದೇ ಕಡೆ ಬಿಡಿಸುತ್ತೇನೆ, ಅರ್ಧ ಸಾಕು ಎಂದುಕೊಂಡೇ ಬಿದಿರು ಕಡ್ಡಿ ಹಿಡಿದದ್ದು. ಅರ್ಧ ಬಿಡಿಸಿ ಇಟ್ಟು ನೋಡಿದರೆ ಎರಡು ಬೆರಳು ಆಳದ ಕುಂಡದಲ್ಲಿ ಗಿಡ ಕೂರಲಿಲ್ಲ, ಒಂದು ಕಾಲು ಗಿಡ್ಡವಾದ ಸ್ಟೂಲಿನ ಹಾಗೆ ವಾಲಿತು. ಇನ್ನೊಂದು ಕಡೆಯೂ ಕತ್ತರಿಸಿದಳು. ಮಣ್ಣು ಅಂಟಿದ್ದು ಬಿಡಲಿಲ್ಲವೆಂದು ನಲ್ಲಿ ತಿರುಗಿಸಿದಳು. ಬಿಳಿ ಬೂಷ್ಟೆಲ್ಲ ನೀರಿನ ಜೊತೆ ಬಚ್ಚಲಿಗೆ ಹೋಯಿತು. ಹೋಗುವುದನ್ನು ನಿಂತು ನೋಡಿದಳು. ಕೂರಿಸಿದ ಮೇಲೆ ತಲೆ ದೊಡ್ಡದಾಗಿ ಕಂಡಿತು, ಕೊಂಬೆಗೂ ಕತ್ತರಿ ಬಿತ್ತು. ಉಳಿದ ಏಳು ಕೊಂಬೆಗೆ ತಂತಿ ಸುತ್ತಿ ಬಗ್ಗಿಸಿದಳು.

ಅವಳಿಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ಆ ಊರಲ್ಲಿ ಅದು ಅವಳಷ್ಟು ಗೊತ್ತಿದ್ದವರು ಇನ್ನೊಬ್ಬರಿರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳಿಲ್ಲ. ಸಾಯಂಕಾಲದ ಹೊತ್ತಿಗೆ ಗಿಡ ಎಷ್ಟು ಚೆಂದವಾಯಿತೆಂದರೆ, ಸೊಂಟದ ನೋವನ್ನೂ ಮರೆತು ಅವಳು ನೆಲದ ಮೇಲೆ ಕೂತೇ ಇದ್ದಳು. ಮೇಷ್ಟ್ರೂ ಇಂಥದ್ದೊಂದು ಮಾಡಿರಲಿಲ್ಲ. ಅದನ್ನು ಷೆಡ್ಡಿಗೆ ಸಾಗಿಸಿ, ಮದುವೆಯವರೆಗೆ ನೆರಳಲ್ಲಿ ಮುಚ್ಚಿಟ್ಟಳು. "ಕುಳ್ಳಪ್ಪ ಎಲ್ಲಿ?" ಎಂದು ಪುಟ್ಟಿ ಕೇಳಿದ್ದಕ್ಕೆ, "ಬೇರು ನೋಡ್ಬೇಕಿತ್ತು, ಕೆಲಸಕ್ಕೆ ತಗೊಂಡು ಹೋಗಿದ್ದೀನಿ" ಎಂದಳು.

ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ, ಸಹಿಯಾದ ಮೇಲೆ, ಮುಚ್ಚಿದ ಬಟ್ಟೆ ತೆಗೆದಾಗ ಪುಟ್ಟಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕನ್ನಡಕದವರು, "ಅತ್ತಿಗೆ, ಇಂಥದ್ದು ನಾನು ಫೋಟೋದಲ್ಲೂ ನೋಡಿಲ್ಲ" ಎಂದರು. ಅತ್ತಿಗೆ ಎಂದು ಕರೆದದ್ದು ನಿಧಾನಕ್ಕನಿಗೆ ಮೈಮೇಲೆ ಇರುವೆ ಹರಿದ ಹಾಗಾಯಿತು. ಪುಟ್ಟಿ ಗಿಡವನ್ನು ಸುತ್ತ ತಿರುಗಿಸಿ ನೋಡಿದಳು.

"ಇನ್ನೂ ಮೂರು ವರ್ಷ ಬೇಕು ಅಂದಿದ್ದೆ ಅಲ್ವಾ ಅಕ್ಕ?"

"ಬೇಗ ಆಯ್ತು" ಎಂದಳು ನಿಧಾನಕ್ಕ.

ಪುಟ್ಟಿ ಅಕ್ಕನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಗಿಡದ ಮೇಲೆ ಮತ್ತೆ ಬಟ್ಟೆ ಹೊದಿಸಿದಳು.

ಆಮೇಲೆ ಭಾನುವಾರಗಳು ಶುರುವಾದವು. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲೇ ಅವರ ಮನೆ. ಎರಡು ಬಸ್ಸು ಬದಲಿಸಬೇಕು. ಆರು ದಿನ ಬಗ್ಗಿ ಕೆಲಸ ಮಾಡಿದವಳು ಏಳನೆಯ ದಿನ ಮಲಗಿಕೊಳ್ಳುವುದು ಬಿಟ್ಟು, ಕೋಟು ತೊಟ್ಟು, ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಬರುತ್ತಿದ್ದಳು. ಬಾಗಿಲಲ್ಲೇ ಹೇಳುತ್ತಿದ್ದ ಮಾತು ಒಂದೇ: "ಗಿಡ ನೋಡಿ ಹೋಗೋಣ ಅಂತ ಬಂದೆ." ಕೋಟು ಬಿಚ್ಚುತ್ತಿರಲಿಲ್ಲ. ಕೂರು ಎಂದರೆ, "ಬೇಡ, ಕೂತ್ರೆ ಏಳೋದು ಕಷ್ಟ" ಎಂದು ನಿಂತೇ ಟೀ ಕುಡಿಯುತ್ತಿದ್ದಳು. ಕಿಟಕಿಯ ಹೊರಗಿನ ಕಟ್ಟೆಯಲ್ಲಿದ್ದ ಗಿಡದ ಮಣ್ಣು ಮುಟ್ಟಿ, ಸೂಜಿಗಳನ್ನು ಸವರಿ, "ಚೆನ್ನಾಗಿದೆ" ಎಂದು ಹೊರಡುತ್ತಿದ್ದಳು.

ಚೆನ್ನಾಗಿದೆಯೋ ಇಲ್ಲವೋ ಅವಳಿಗೇ ತಿಳಿಯದು. ಹಸಿರಾಗಿತ್ತು. ಹಸಿರಾಗಿರುವುದಕ್ಕೆ ಅರ್ಥವೇ ಇಲ್ಲ ಎಂದು ಅವಳಿಗೆ ಕಲಿಸಿದವರು ಬೇರೆ ಹೋಗಿಬಿಟ್ಟಿದ್ದರು. ತೊಗಟೆ ಕೆರೆದು ನೋಡಿದರೆ ಗೊತ್ತಾಗುತ್ತದೆ, ಒಳಗೆ ಹಸಿರಿದ್ದರೆ ಜೀವ, ಕಂದಿದ್ದರೆ ಇಲ್ಲ. ಆದರೆ ಕೆರೆಯಲು ಧೈರ್ಯ ಬರಲಿಲ್ಲ. ಗಿಡ ಸತ್ತಿದ್ದರೆ ಅವಳು ತಂಗಿಯ ಕೈಗೆ ಕೊಟ್ಟದ್ದು ಕ್ಷಮೆಯಲ್ಲ, ಹೆಣ. ಅದನ್ನು ತಿಳಿದುಕೊಳ್ಳುವುದಕ್ಕಿಂತ ಎರಡು ಬಸ್ಸು ಹತ್ತುವುದೇ ಸುಲಭವಾಗಿತ್ತು.

ಸಂಜೆಗಳು ಬಹಳ ಉದ್ದವಾದವು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ನೀರಿನವನ ಮೇಲಿನ ಸಿಟ್ಟು ಬಾಯಿವರೆಗೆ ಬಂದು ನಿಲ್ಲುತ್ತಿತ್ತು. ಗೋಡೆಗೆ ಹೇಳಿದರೆ ಗೋಡೆ ಹೂಂ ಅನ್ನುವುದಿಲ್ಲ. ದೂರು ಹೇಳುವುದೇ ತನಗೆ ವಿಶ್ರಾಂತಿಯಾಗಿತ್ತು ಎಂದು ಅವಳಿಗೆ ಆಗ ಅರ್ಥವಾಯಿತು. ಹೇಳದೆ ಉಳಿದ ಆಯಾಸ ಮರುದಿನಕ್ಕೆ, ಅದರ ಮರುದಿನಕ್ಕೆ ಕೂಡುತ್ತಾ ಹೋಯಿತು. ಷೆಡ್ಡಿನಲ್ಲಿ ಬ್ರಷ್ಷು ಹಿಡಿದೇ ತೂಕಡಿಸಿದಳು. "ಅಕ್ಕಾ, ನಿಜವಾಗ್ಲೂ ನೀರು ಹಾಕ್ಬೇಕಾ?" ಎಂದು ನೀರಿನವನು ಕೇಳಿದ. ಆ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಚಳಿ ಬಂತು. ಕುಳ್ಳಪ್ಪನ ಹಸಿರು ಮಾಸಿತು, ಮೇಲೆ ಬೂದಿ ಉದುರಿಸಿದ ಹಾಗೆ. "ಚಳೀಲಿ ಮುಗೊ ಹೀಗೇ, ಸ್ವಲ್ಪ ಬಣ್ಣ ಇಳಿಯುತ್ತೆ" ಎಂದಳು ನಿಧಾನಕ್ಕ. ಮಾತು ಸುಳ್ಳಲ್ಲ, ಇಳಿಯುವುದು ನಿಜ. ಅದಕ್ಕೇ ಹೇಳಲು ಅಷ್ಟು ಅನುಕೂಲವಾಗಿತ್ತು. "ಹೌದಾ? ಹಾಗಾದ್ರೆ ಸರಿ" ಎಂದು ಪುಟ್ಟಿ ಚಮಚದಲ್ಲಿ ಅಳೆದು ನೀರು ಹಾಕಿದಳು.

ಚಳಿ ಮುಗಿಯುತ್ತಾ ಬಂದ ಒಂದು ಭಾನುವಾರ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಕೂತದ್ದೇ ತಪ್ಪಾಯಿತು, ಕೂತಾಗ ಯೋಚನೆ ಬರುತ್ತದೆ. ಇನ್ನೆರಡು ವಾರಕ್ಕೆ ಎಲ್ಲ ಮುಗೊಗಳಿಗೂ ಕುಡಿ ಏಳುತ್ತದೆ, ಇದಕ್ಕೆ ಏಳದಿದ್ದರೆ ಏನು ಹೇಳುತ್ತೀ? ಹೇಳಲು ಇನ್ನೊಂದು ಸುಳ್ಳು ಹುಡುಕುವಷ್ಟು ತ್ರಾಣವೂ ತನ್ನಲ್ಲಿ ಉಳಿದಿಲ್ಲವೆಂದು ಅವಳಿಗೆ ಅನಿಸಿತು. ಅವತ್ತು ಪುಟ್ಟಿ ಟೀ ಇಡಲು ಒಳಗೆ ಹೋದ ತಕ್ಷಣ ಗಿಡದ ತಟ್ಟೆಯನ್ನು ಒಳಕ್ಕೆ ತಂದು, ಮೇಜಿನ ಮೇಲಿಟ್ಟು, ಹಿಂಬದಿಯನ್ನು ತನ್ನತ್ತ ತಿರುಗಿಸಿದಳು. ಬುಡದ ಹತ್ತಿರ, ಯಾರ ಕಣ್ಣಿಗೂ ಬೀಳದ ಕಡೆ, ಹೆಬ್ಬೆರಳ ಉಗುರು ಊರಿದಳು.

ಅಲ್ಲಿ ಆಗಲೇ ಒಂದು ಗೀರು ಇತ್ತು.

ಅಕ್ಕಿಕಾಳಿನಷ್ಟು ಅಗಲ. ಅಂಚು ಒಣಗಿ ಹಳೆಯದಾಗಿತ್ತು. ಒಳಗೆ ಕಂದು ಬಣ್ಣ. ಉಗುರಿನಿಂದ ಎಲ್ಲಿ ಕೆರೆಯಬೇಕು, ಎಷ್ಟು ಕೆರೆಯಬೇಕು ಎಂದು ಬಲ್ಲವರು ಮಾಡಿದ ಗೀರು. ನಿಧಾನಕ್ಕ ಅದರ ಪಕ್ಕದಲ್ಲಿ ತಾನೂ ಒಂದು ಕೆರೆದಳು. ಅದೂ ಕಂದೇ.

ಪುಟ್ಟಿ ಟೀ ಹಿಡಿದು ಬಂದವಳು ತಿರುಗಿಸಿಟ್ಟ ಗಿಡವನ್ನು ನೋಡಿ ನಿಂತಳು.

"ಇದು ಸತ್ತಿದೆ ಪುಟ್ಟಿ" ಎಂದಳು ನಿಧಾನಕ್ಕ.

"ಗೊತ್ತು."

"ಯಾವಾಗಿಂದ?"

"ಚಳಿ ಶುರುವಾಗೋ ಮುಂಚೆ ಕೆರೆದು ನೋಡಿದೆ." ಪುಟ್ಟಿ ಲೋಟಗಳನ್ನು ಮೇಜಿನ ಮೇಲಿಟ್ಟಳು. "ಕೊಟ್ಟ ದಿನಾನೇ ಅನುಮಾನ ಇತ್ತು. ಬೇರು, ಕೊಂಬೆ ಎರಡೂ ಒಂದೇ ವರ್ಷ ಮಾಡೋಳಲ್ಲ ನೀನು."

"ಮತ್ತೆ ನೀರು ಯಾಕೆ ಹಾಕ್ತಿದ್ದೆ?"

ಪುಟ್ಟಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಮತ್ತೆ ಹಾಕಿಕೊಂಡಳು.

"ನೀನು ಗಿಡ ನೋಡೋಕೆ ಅಂತ ಬರ್ತಿದ್ದೆ. ಅದಿಲ್ಲ ಅಂದ್ರೆ ನನ್ನ ನೋಡೋಕೆ ಬರ್ತೀಯೋ ಇಲ್ವೋ ಗೊತ್ತಿರ್ಲಿಲ್ಲ ಅಕ್ಕ. ಅದಕ್ಕೇ ಹಾಕ್ತಿದ್ದೆ."

ನಿಧಾನಕ್ಕ ಕುರ್ಚಿಯಲ್ಲಿ ಕೂತುಬಿಟ್ಟಳು. ಆ ಮನೆಯಲ್ಲಿ ಅವಳು ಕೂತದ್ದು ಅದೇ ಮೊದಲು. ಅಳು ಬಂತು. ಮೇಷ್ಟ್ರು ಹೋದಾಗಲೂ ಅತ್ತಿರದವಳು ಕೋಟಿನ ತೋಳಿನಿಂದ ಮೂಗೊರೆಸಿಕೊಂಡು ಮಗುವಿನ ಹಾಗೆ ಅತ್ತಳು. ವರ್ಷದ ಹತ್ತಿರದಿಂದ ಬಾಯಿಗೆ ಬಾರದಿದ್ದದ್ದು ಆಮೇಲೆ ತಾನಾಗಿಯೇ ಹೊರಬಿತ್ತು.

"ನಿನ್ನ ನಾನು ಇಟ್ಕೊಂಡಿರ್ಲಿಲ್ಲ ಪುಟ್ಟಿ. ನೀನೇ ನನ್ನ ಇಟ್ಕೊಂಡಿದ್ದೆ. ಅವತ್ತು ಅಂದಿದ್ದು ತಪ್ಪಾಯ್ತು."

"ಹೂಂ" ಎಂದಳು ಪುಟ್ಟಿ.

ಟೀ ಆರಿತು. ಅದು ಆರುವಷ್ಟು ಹೊತ್ತೂ ಇಬ್ಬರೂ ಕೂತು ಕುಳ್ಳಪ್ಪನ ಕೊಂಬೆಗಳ ತಂತಿ ತೆಗೆದರು. ಜೀವವಿರುವ ಗಿಡಕ್ಕಾದರೆ ತಂತಿಯನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು, ಬಿಚ್ಚಲು ಹೋದರೆ ತೊಗಟೆ ಸುಲಿದೀತು. ಇದಕ್ಕೆ ಆ ಭಯವಿರಲಿಲ್ಲ. ಪುಟ್ಟಿ ತುದಿ ಹಿಡಿದು ನಿಧಾನವಾಗಿ ಬಿಚ್ಚಿದಳು, ನಿಧಾನಕ್ಕ ಸುತ್ತಿ ಸುತ್ತಿ ಚೆಂಡು ಮಾಡಿದಳು. ಒಣ ಸೂಜಿಗಳು ಮೇಜಿನ ತುಂಬ ಉದುರಿದವು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಕನ್ನಡಕದವರು ಬಾಗಿಲಲ್ಲಿ ಇಣುಕಿ, ಎಂದಿನ ಹಾಗೆ, "ಅತ್ತಿಗೆ, ಬಂದ್ರಾ? ಗಿಡ ಹೇಗಿದೆ?" ಎಂದರು.

"ಸತ್ತಿದೆ" ಎಂದಳು ನಿಧಾನಕ್ಕ.

"ಅಯ್ಯೋ, ಗೊತ್ತಾಗೋಯ್ತಾ?" ಎಂದುಬಿಟ್ಟು ಅವರು ನಾಲಿಗೆ ಕಚ್ಚಿಕೊಂಡರು. ಹೆಂಡತಿಯ ಮುಖ ನೋಡಿದರು. "ನಾನೇನೂ ಹೇಳಿಲ್ಲ. ಬಾಯಿ ಬಿಟ್ಟಿಲ್ಲ, ಬೇಕಾದ್ರೆ ಕೇಳು."

ನಿಧಾನಕ್ಕನಿಗೆ ಅಳುವಿನ ನಡುವೆ ನಗು ಬಂತು. ಇಷ್ಟು ದಿನ ಈ ಮನುಷ್ಯನೂ ಸತ್ತ ಗಿಡವನ್ನು ಹೇಗಿದೆ, ಹೇಗಿದೆ ಎಂದು ಕೇಳುತ್ತಾ ಬಂದಿದ್ದರಲ್ಲ, ತನಗೋಸ್ಕರ. ಅತ್ತಿಗೆ ಎಂದು ಕರೆದದ್ದು ಇವತ್ತು ಚುಚ್ಚಲಿಲ್ಲ ಎಂಬುದನ್ನು ಅವಳು ಗಮನಿಸಿದಳು.

"ಕೋಟು ಕೊಡಿ ಅತ್ತಿಗೆ, ತೂಗಹಾಕ್ತೀನಿ" ಎಂದು ಅವರು ಕೈ ಚಾಚಿದರು.

ಕೋಟು ಬಿಚ್ಚಿಕೊಟ್ಟಳು. ಪುಟ್ಟಿ ಸೋಫಾದ ಮೇಲಿನ ಬಟ್ಟೆಗಳನ್ನು ಸರಿಸಿ, ದಿಂಬು ಹಾಕಿ, "ಇಲ್ಲಿ ಸ್ವಲ್ಪ ಕಾಲು ಚಾಚು" ಎಂದಳು. ನಿಧಾನಕ್ಕ ಮೇಜು ಹಿಡಿದು, ಸೊಂಟ ಹಿಡಿದು ಎದ್ದು ಹೋಗಿ ಮಲಗಿದಳು. ಪುಟ್ಟಿ ಹೊಲಿಗೆ ತೆಗೆದುಕೊಂಡು ಕಾಲ ಬಳಿ ಕೂತಳು.

"ಆ ನೀರಿನವನಿದ್ದಾನಲ್ಲ" ಎಂದು ನಿಧಾನಕ್ಕ ಶುರು ಮಾಡಿದಳು, "ಮೊನ್ನೆ ಮತ್ತೆ ಪೈಪನ್ನ ದಾರೀಲೇ ಬಿಟ್ಟು ಹೋಗಿದ್ದ."

"ಹೂಂ."

"ನಾನು ನೋಡ್ಕೊಂಡಿರ್ಲಿಲ್ಲ ಅಂದಿದ್ರೆ ಇನ್ನೊಂದು ಕಾಲೂ..."

"ಹೂಂ" ಎಂದಳು ಪುಟ್ಟಿ ಸೂಜಿಯ ಕಣ್ಣನ್ನು ಬೆಳಕಿಗೆ ಹಿಡಿಯುತ್ತಾ. ಮುಂದಿನ ಮಾತು ಬರಲಿಲ್ಲ. ತಿರುಗಿ ನೋಡಿದರೆ ಅಕ್ಕ ನಿದ್ದೆ ಹೋಗಿದ್ದಳು.